ಐಡಿ ಕೇಳಲೇ ಇಲ್ಲ! ಅಮೆರಿಕದಲ್ಲಿ ಮೊದಲ ವೋಟು ಹಾಕಿ ಬಂದೆ, ಒಂದು ಪ್ರಶ್ನೆ ಇದೆ

ಗೊಜ್ಜವಲಕ್ಕಿ (ನ್ಯೂಜೆರ್ಸಿ)

ಹದಿನೇಳು ವರ್ಷ ಇಲ್ಲಿ ಟ್ಯಾಕ್ಸ್ ಕಟ್ಟಿದ ಮೇಲೆ ಈ ವರ್ಷ, 2025ರಲ್ಲಿ, ಸಿಟಿಜನ್ ಆದೆ. ನವೆಂಬರ್ 4ರಂದು ನಮ್ಮಲ್ಲಿ ಗವರ್ನರ್ ಚುನಾವಣೆ ಇತ್ತು. ನನ್ನ ಮೊದಲ ವೋಟು.

ನಮ್ಮೂರಿನ ಅಭ್ಯಾಸ, ಎಲ್ಲ ಕಾಗದ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಹೋದೆ. ಪಾಸ್‌ಪೋರ್ಟ್, ಲೈಸೆನ್ಸ್, ಸಿಟಿಜನ್ ಸರ್ಟಿಫಿಕೇಟ್, ಇರಲಿ ಅಂತ ಕರೆಂಟ್ ಬಿಲ್ಲೂ. ಶಾಲೆಯ ಜಿಮ್‌ನಲ್ಲಿ ಮತಗಟ್ಟೆ. ಮೇಜಿನ ಹಿಂದೆ ಒಬ್ಬ ಅಜ್ಜಿ, ಪಕ್ಕದಲ್ಲಿ ಹ್ಯಾಲೊವೀನ್‌ಗೆ ತಂದು ಉಳಿದ ಚಾಕೊಲೇಟಿನ ಬಟ್ಟಲು. ಹೆಸರು ಕೇಳಿದರು. ಹೇಳಿದೆ. ಸ್ಪೆಲ್ಲಿಂಗ್ ಕೇಳಿದರು. ಅದಕ್ಕೇ ಎರಡು ನಿಮಿಷ ಹಿಡಿಯಿತು. ಆಮೇಲೆ ಟ್ಯಾಬ್ಲೆಟ್ ನನ್ನ ಕಡೆ ತಿರುಗಿಸಿ ಸಹಿ ಹಾಕಿಸಿಕೊಂಡರು. ನಾನು ಕವರ್ ಬಿಚ್ಚಲು ಹೋದರೆ, ಅದೆಲ್ಲ ಒಳಗಿಡಪ್ಪಾ ಅನ್ನುವ ಹಾಗೆ ಕೈ ಆಡಿಸಿದರು. ಅಷ್ಟೇ. ಬೆರಳಿಗೆ ಶಾಯಿಯೂ ಇಲ್ಲ, ಒಂದು ಸ್ಟಿಕ್ಕರ್ ಕೊಟ್ಟು ಕಳಿಸಿದರು.

ಮನೆಗೆ ಬರುವಾಗ ಖುಷಿಗಿಂತ ಗಾಬರಿಯೇ ಜಾಸ್ತಿ. ನನ್ನ ಹೆಸರು, ವಿಳಾಸ ಗೊತ್ತಿರುವ ಯಾರು ಬೇಕಾದರೂ ನನ್ನ ವೋಟು ಹಾಕಬಹುದಿತ್ತು, ಅಲ್ವಾ? ಐಡಿ ಕೇಳಿದರೆ ಏನು ತಪ್ಪು? ಆಫೀಸಿನಲ್ಲಿ ಇದನ್ನೇ ಕೇಳಿದೆ. ಒಬ್ಬಳು ನನ್ನನ್ನು ತಕ್ಷಣ ಟ್ರಂಪ್ ಪಾರ್ಟಿಗೆ ಸೇರಿಸಿಬಿಟ್ಟಳು. ಇನ್ನೊಬ್ಬ ಬೆನ್ನು ತಟ್ಟಿ, ಅಕ್ರಮವಾಗಿ ನುಗ್ಗಿದವರೆಲ್ಲ ವೋಟು ಹಾಕುತ್ತಿದ್ದಾರೆ, ಟ್ಯಾಕ್ಸ್ ಮಾತ್ರ ನಾವು ಕಟ್ಟಬೇಕು ಅಂತ ಶುರು ಮಾಡಿದ. ನಾನು ಕೇಳಿದ್ದು ಅದೂ ಅಲ್ಲ, ಇದೂ ಅಲ್ಲ. ಇಲ್ಲಿ ಯಾರಾದರೂ ಜಗಳ ಆಡದೆ ಹೇಳುತ್ತೀರಾ?

ಚುರುಮುರಿ

ಜಗಳ ಆಡದೆ? ಇಲ್ಲಿ? ಕೂತ್ಕೊಳ್ಳಿ, ಕಾಫಿ ತರುತ್ತೇನೆ.

ಬೆಣ್ಣೆದೋಸೆ_ಡಲ್ಲಾಸ್

ಅಮೆರಿಕದಲ್ಲಿ ಐಡಿ ಕೇಳಲ್ಲ ಅನ್ನಬೇಡಿ. ನ್ಯೂಜೆರ್ಸಿಯಲ್ಲಿ ಕೇಳಲ್ಲ ಅನ್ನಿ. ಇಲ್ಲಿ ಚುನಾವಣೆ ರಾಜ್ಯಗಳ ಕೈಯಲ್ಲಿದೆ, ಕೆಲಸ ಮಾಡುವುದು ಕೌಂಟಿಗಳು, ನಮ್ಮ ಜಿಲ್ಲೆಗಳ ಹಾಗೆ. 36 ರಾಜ್ಯಗಳಲ್ಲಿ ಒಂದಲ್ಲ ಒಂದು ಗುರುತು ಕೇಳುತ್ತಾರೆ. ಉಳಿದ ಕಡೆ ನಿಮ್ಮ ಹಾಗೆ ಹೆಸರು, ಸಹಿ.

ನಮ್ಮ ಟೆಕ್ಸಸ್‌ನಲ್ಲಿ ಏಳು ಬಗೆಯ ಫೋಟೊ ಐಡಿ ನಡೆಯುತ್ತದೆ. ಬಂದೂಕಿನ ಲೈಸೆನ್ಸ್ ಅದರಲ್ಲೊಂದು. ಕಾಲೇಜಿನ ಐಡಿ ನಡೆಯುವುದಿಲ್ಲ, ಸರ್ಕಾರಿ ಯೂನಿವರ್ಸಿಟಿಯದ್ದಾದರೂ ಇಲ್ಲ. ನಾನು ಐಡಿ ಪರ, ಮೊದಲೇ ಹೇಳಿಬಿಡುತ್ತೇನೆ. ಆದರೆ ಆ ಪಟ್ಟಿ ಓದಿದಾಗ ನನಗೂ ಅನಿಸಿತ್ತು, ಇದನ್ನು ಬರೆದವನಿಗೆ ಯಾರು ಬರಬೇಕು, ಯಾರು ಬರಬಾರದು ಅಂತ ಮನಸ್ಸಿನಲ್ಲಿ ಇತ್ತು ಅಂತ.

ಲೆಕ್ಕಪತ್ರ

ಗೊಜ್ಜವಲಕ್ಕಿ ಅವರೇ, ನಿಮ್ಮನ್ನು ಗುರುತು ಕೇಳಿದ್ದಾರೆ. ನಿಮಗೇ ಗೊತ್ತಾಗಲಿಲ್ಲ ಅಷ್ಟೇ. ಹೆಸರು ನೋಂದಾಯಿಸುವಾಗ ಲೈಸೆನ್ಸ್ ನಂಬರ್ ಅಥವಾ ಸೋಶಿಯಲ್ ಸೆಕ್ಯುರಿಟಿ, ಅಂದರೆ ಸರ್ಕಾರಿ ಪಿಂಚಣಿ ನಂಬರಿನ ಕೊನೆಯ ನಾಲ್ಕು ಅಂಕಿ ಕೊಟ್ಟಿರಲಿಲ್ವಾ? 2002ರ ಕೇಂದ್ರ ಕಾನೂನಿನ ಪ್ರಕಾರ ಅದನ್ನು ತಾಳೆ ನೋಡುತ್ತಾರೆ. ತಾಳೆ ಆಗದಿದ್ದರೆ ಮೊದಲ ಸಲ ಐಡಿ ಕೇಳುತ್ತಿದ್ದರು. ಬಾಗಿಲಲ್ಲಿ ಕೇಳುವ ಬದಲು ಗೇಟಿನಲ್ಲೇ ಕೇಳಿಯಾಗಿತ್ತು.

ಇನ್ನು ಬೇರೆಯವರು ನಿಮ್ಮ ಹೆಸರಲ್ಲಿ ಹಾಕುವುದು. ಹಾಕಬಹುದು. ಒಂದು ವೋಟಿಗೋಸ್ಕರ ಐದು ವರ್ಷದವರೆಗೆ ಜೈಲು. ಅದೂ ನಿಮ್ಮ ಹೆಸರಿನ ಸ್ಪೆಲ್ಲಿಂಗ್ ಬಾಯಿಪಾಠ ಮಾಡಿಕೊಂಡು ಬರಬೇಕು.

ಗೊಜ್ಜವಲಕ್ಕಿ

ಹೌದು, ಆನ್‌ಲೈನಲ್ಲಿ ಲೈಸೆನ್ಸ್ ನಂಬರ್ ಹಾಕಿದ್ದೆ. ಸರಿ, ಅರ್ಧ ಗಾಬರಿ ಕಡಿಮೆ ಆಯಿತು. ಇನ್ನರ್ಧ ಹಾಗೇ ಇದೆ.

ತುಮಕೂರ್_ಟು_ಟ್ಯಾಂಪಾ

ಬಿಯರ್ ತಗೊಳ್ಳೋಕೆ ಐಡಿ. ವಿಮಾನ ಹತ್ತೋಕೆ ಐಡಿ, ಅದೂ ಈ ಮೇ ತಿಂಗಳಿಂದ ರಿಯಲ್ ಐಡಿ (ಕೇಂದ್ರದ ನಿಯಮಕ್ಕೆ ಹೊಂದುವ ಲೈಸೆನ್ಸ್) ಇಲ್ಲವೇ ಪಾಸ್‌ಪೋರ್ಟ್ ಥರದ್ದು ಬೇಕು. ಲೈಬ್ರರಿಯಲ್ಲಿ ಪುಸ್ತಕ ತರೋಕೆ ಕಾರ್ಡು. ದೇಶ ಆಳುವವನನ್ನು ಆರಿಸೋಕೆ ಮಾತ್ರ ಬಾಯಿಮಾತು. ಇದಕ್ಕೆ ಸಮರ್ಥನೆ ಬೇರೆ! 2024ರ ಅಕ್ಟೋಬರಿನ ಗ್ಯಾಲಪ್ ಸಮೀಕ್ಷೆಯಲ್ಲಿ ಶೇ. 84 ಜನ ಫೋಟೊ ಐಡಿ ಬೇಕು ಅಂದಿದ್ದಾರೆ. ಡೆಮಾಕ್ರಟರಲ್ಲೂ ಹೆಚ್ಚಿನವರು ಬೇಕು ಅನ್ನುವವರೇ. ಮತ್ತೆ ಬೇಡ ಅನ್ನುವವರು ಯಾರು? ಟಿವಿಯಲ್ಲಿ ಕೂತವರು ಮಾತ್ರ.

ಹಳೇಬೇರು (ಶಿಕಾಗೊ, 1983ರಿಂದ)

ತಮ್ಮಾ, ಬಿಯರ್ ಕುಡಿಯುವುದು ಹಕ್ಕಲ್ಲ.

ನಾನು ಬಂದಾಗ ನಮ್ಮ ಪಕ್ಕದ ಮನೆಯಲ್ಲಿ ಮಿಸಿಸಿಪ್ಪಿಯಿಂದ ಬಂದ ಕಪ್ಪು ಹೆಂಗಸೊಬ್ಬರು ಇದ್ದರು. ನಿವೃತ್ತ ನರ್ಸ್. ಅವರ ಹತ್ತಿರ ಜನನ ಪ್ರಮಾಣಪತ್ರ ಇರಲಿಲ್ಲ. ಸೂಲಗಿತ್ತಿ ಹೆರಿಗೆ ಮಾಡಿಸಿದ್ದು, ಮನೆಯ ಬೈಬಲ್‌ನ ಹಿಂದಿನ ಹಾಳೆಯಲ್ಲಿ ತಾರೀಖು ಬರೆದಿತ್ತು, ಅಷ್ಟೇ. ನನಗೆ ತಕ್ಷಣ ನಮ್ಮಜ್ಜಿ ನೆನಪಾದರು. ಪ್ಲೇಗು ಬಂದ ವರ್ಷ ಹುಟ್ಟಿದವರು ಅಂತಷ್ಟೇ ನಮಗೂ ಗೊತ್ತಿದ್ದದ್ದು.

ಆ ನರ್ಸಮ್ಮನ ಅಪ್ಪ ವೋಟು ಹಾಕಬೇಕಾದರೆ ತಲೆಗಂದಾಯ ಕಟ್ಟಬೇಕಿತ್ತು. ಅದರ ರಸೀದಿ ತೋರಿಸಬೇಕಿತ್ತು. ಜೊತೆಗೆ ಸಂವಿಧಾನದ ಒಂದು ಪ್ಯಾರಾ ಓದಿ ಅರ್ಥ ಹೇಳಬೇಕು, ಸರಿಯಾ ತಪ್ಪಾ ಅಂತ ತೀರ್ಮಾನ ಮಾಡುವವನು ಬಿಳಿ ಗುಮಾಸ್ತ. ಕೇಂದ್ರ ಚುನಾವಣೆಗೆ ಈ ಕಂದಾಯ ನಿಂತಿದ್ದು 1964ರಲ್ಲಿ, 24ನೇ ತಿದ್ದುಪಡಿಯಿಂದ. ರಾಜ್ಯದ ಚುನಾವಣೆಗಳಲ್ಲಿ 1966ರವರೆಗೆ ಇತ್ತು. ವರ್ಜೀನಿಯಾದಲ್ಲಿ ಒಂದೂವರೆ ಡಾಲರ್. ಸುಪ್ರೀಂ ಕೋರ್ಟ್ ಹೊಡೆದುಹಾಕಿತು.

ಆದ್ದರಿಂದ ಕಾಗದ ತೋರಿಸು ಅಂದಾಗ ನಿಮಗೆ ಕೇಳುವುದು ಒಂದು, ಆ ಹೆಂಗಸಿಗೆ ಕೇಳುವುದು ಇನ್ನೊಂದು. ಟ್ಯಾಕ್ಸು, ಕಾಗದ, ವೋಟು ಈ ಮೂರೂ ಒಂದೇ ಗಂಟಿನಲ್ಲಿ ಇವೆ ಅಂತ ನಿಮ್ಮ ಆಫೀಸಿನವ ಹೇಳಿದ್ದು ತಪ್ಪಲ್ಲ. ಆ ಗಂಟು ಯಾರು ಹಾಕಿದರು ಅನ್ನುವುದು ಅವನಿಗೆ ಗೊತ್ತಿಲ್ಲ.

ತುಮಕೂರ್_ಟು_ಟ್ಯಾಂಪಾ

ಸಾರ್, ನೀವು ಹೇಳಿದ್ದು 1966. ಈಗ 2025. ಐಡಿ ಬೇಕು ಅನ್ನುವ ರಾಜ್ಯಗಳು ಅದನ್ನು ಪುಕ್ಕಟೆ ಕೊಡುತ್ತವೆ.

ಹಳೇಬೇರು

ಐಡಿ ಪುಕ್ಕಟೆ. ಅದಕ್ಕೆ ಬೇಕಾದ ಜನನ ಪ್ರಮಾಣಪತ್ರಕ್ಕೆ ದುಡ್ಡು. ಆ ಕಚೇರಿಗೆ ಹೋಗಲು ಕಾರು. ಕಾರು ಓಡಿಸಲು ಲೈಸೆನ್ಸ್. ಲೈಸೆನ್ಸ್ ಇದ್ದರೆ ಐಡಿ ಯಾಕೆ?

ಚುರುಮುರಿ

ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ, ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ.

ಲೆಕ್ಕಪತ್ರ

ಇಂಡಿಯಾನಾ ಕಥೆ ಯಾರೂ ಹೇಳಲಿಲ್ಲವಲ್ಲ. 2005ರಲ್ಲಿ ಅಲ್ಲಿ ಫೋಟೊ ಐಡಿ ಕಡ್ಡಾಯ ಮಾಡಿದರು. ಸುಪ್ರೀಂ ಕೋರ್ಟಿಗೆ ಹೋಯಿತು. 2008ರಲ್ಲಿ 6-3ರಲ್ಲಿ ಕಾನೂನು ಉಳಿಯಿತು. ತಮಾಷೆ ಏನೆಂದರೆ, ಬೇರೆಯವರ ಹೆಸರಲ್ಲಿ ಮತಗಟ್ಟೆಗೆ ಬಂದು ವೋಟು ಹಾಕಿದ ಒಂದೇ ಒಂದು ಪ್ರಕರಣವನ್ನೂ ಇಂಡಿಯಾನಾದಿಂದ ಯಾರೂ ಕೋರ್ಟಿಗೆ ತೋರಿಸಿರಲಿಲ್ಲ. ತೀರ್ಪು ಬಂದ ಮುಂದಿನ ವಾರವೇ ಪ್ರೈಮರಿ, ಪಾರ್ಟಿಯ ಅಭ್ಯರ್ಥಿಯನ್ನು ಆರಿಸುವ ಚುನಾವಣೆ. ಸೌತ್ ಬೆಂಡ್ ಹತ್ತಿರದ ಒಂದು ಮಠದಲ್ಲಿ ಹನ್ನೆರಡು ಜನ ಕ್ರೈಸ್ತ ಸನ್ಯಾಸಿನಿಯರು, ಎಂಬತ್ತು ತೊಂಬತ್ತು ವಯಸ್ಸು, ವೋಟು ಹಾಕಲು ಬಂದರು. ಲೈಸೆನ್ಸ್ ಇಲ್ಲ, ಕಾರು ಓಡಿಸುವುದು ಬಿಟ್ಟು ಎಷ್ಟೋ ಕಾಲವಾಗಿತ್ತು. ವಾಪಸ್ ಕಳಿಸಿದರು. ಕಳಿಸಿದ ಮತಗಟ್ಟೆಯ ಅಧಿಕಾರಿಯೂ ಅದೇ ಮಠದ ಸಿಸ್ಟರ್!

ಹಾಗಂತ ಇನ್ನೊಂದು ಕಡೆಯವರೂ ಸತ್ಯಹರಿಶ್ಚಂದ್ರರಲ್ಲ. ಐಡಿ ಬಂದರೆ ಲಕ್ಷಾಂತರ ಜನರ ವೋಟು ಹೋಗುತ್ತದೆ ಅಂದರು. 2008ರಿಂದ 2018ರವರೆಗಿನ ಲೆಕ್ಕ ಇಟ್ಟುಕೊಂಡು ಮಾಡಿದ ದೊಡ್ಡ ಅಧ್ಯಯನವೊಂದು 2021ರಲ್ಲಿ ಬಂತು. ಕಟ್ಟುನಿಟ್ಟಿನ ಐಡಿ ಕಾನೂನಿನಿಂದ ಒಟ್ಟು ಮತದಾನ ಕಡಿಮೆಯಾದದ್ದು ಕಾಣಲಿಲ್ಲ. ಮೋಸ ಕಡಿಮೆಯಾದದ್ದೂ ಕಾಣಲಿಲ್ಲ.

ಬೆಣ್ಣೆದೋಸೆ_ಡಲ್ಲಾಸ್

ಅಂದರೆ ಇಪ್ಪತ್ತು ವರ್ಷದಿಂದ ಎರಡೂ ಕಡೆಯವರು ಸುಮ್ನೆ ಕಿರುಚುತ್ತಿದ್ದಾರೆ ಅಂತಾಯ್ತು.

ಬಸವನಗುಡಿಯಿಂದ

ದೂರದಿಂದ ನೋಡುವವನ ಮಾತು. ಶೇಷನ್ ಸಾಹೇಬರು 1993ರಲ್ಲಿ ಫೋಟೊ ಕಾರ್ಡು ತಂದಾಗಿನಿಂದ ನಮ್ಮಲ್ಲಿ ಈ ಪ್ರಶ್ನೆ ಮುಗಿದಿದೆ. ಕಾರ್ಡು ಇಲ್ಲದಿದ್ದರೆ ಆಧಾರ್, ಪಾನ್, ಬ್ಯಾಂಕ್ ಪಾಸ್‌ಬುಕ್, ಉದ್ಯೋಗ ಖಾತ್ರಿ ಕಾರ್ಡು ಏನಾದರೂ ನಡೆಯುತ್ತದೆ. ಬೆರಳಿಗೆ ನಮ್ಮ ಮೈಸೂರಿನ ಶಾಯಿ, 1962ರಿಂದ. ಅಮೆರಿಕದವರಿಗೆ ಎರಡು ಡಬ್ಬ ಕಳಿಸಲೇ?

ಆದರೂ ಒಂದು ಹೇಳಬೇಕು. ಹಿಂದಿನ ಸಲ ನನ್ನ ಹತ್ತಿರ ಕಾರ್ಡು ಇತ್ತು, ಪಟ್ಟಿಯಲ್ಲಿ ಹೆಸರೇ ಇರಲಿಲ್ಲ. ಮೂರು ಮತಗಟ್ಟೆ ಸುತ್ತಿ ಮನೆಗೆ ಬಂದು ಮಲಗಿದೆ. ಕಾರ್ಡನ್ನು ಎಷ್ಟು ಉಜ್ಜಿದರೂ ಹೆಸರು ಪಟ್ಟಿಗೆ ಬರಲ್ಲ.

ಹಳೇಬೇರು

ಅಲ್ಲಿ ಹೆಸರು ಪಟ್ಟಿಗೆ ಸೇರಿಸುವುದು ಸರ್ಕಾರದ ಕೆಲಸ, ಮನೆಗೆ ಬಂದು ಬರೆದುಕೊಳ್ಳುತ್ತಾರೆ. ಇಲ್ಲಿ ನಿಮ್ಮ ಕೆಲಸ. ವ್ಯತ್ಯಾಸ ಇರುವುದು ಅಲ್ಲೇ.

ತುಮಕೂರ್_ಟು_ಟ್ಯಾಂಪಾ

ಎಲ್ಲರೂ ಬೇಕಂತಲೇ ಮರೆತದ್ದು: ಸಿಟಿಜನ್ ಅಲ್ಲದವರು. ಗಡಿ ದಾಟಿ ಬಂದವರಿಗೆ ಕೆಲವು ರಾಜ್ಯಗಳು ಲೈಸೆನ್ಸ್ ಕೊಡುತ್ತವೆ. ಲೈಸೆನ್ಸ್ ಕಚೇರಿಯಲ್ಲೇ ವೋಟರ್ ಫಾರಂ ಇರುತ್ತದೆ, 1993ರ ಕಾನೂನು. ಕೇಳುವವರು ಯಾರು? ಒಂದು ಟಿಕ್ ಮಾರ್ಕ್. ಅದಕ್ಕೇ ನೋಂದಣಿಗೆ ಪೌರತ್ವದ ದಾಖಲೆ ಕೇಳುವ ಸೇವ್ ಆಕ್ಟ್ ಬೇಕು. 2025ರ ಏಪ್ರಿಲ್‌ನಲ್ಲಿ ಕೆಳಮನೆ ಹೌಸ್‌ನಲ್ಲಿ 220-208ರಲ್ಲಿ ಪಾಸಾಯಿತು, ಮೇಲ್ಮನೆ ಸೆನೆಟ್‌ಗೆ ಹೋಯಿತು.

ಮಲೆನಾಡ್_ಮಳೆ

ಆ ಟಿಕ್ ಮಾರ್ಕ್ ಹಾಕಿದವಳು ನಾನೇ. ಬೇರೆ ಕಡೆ ಹೇಳಲು ಭಯ, ಇಲ್ಲಿ ಹೆಸರಿಲ್ಲವಲ್ಲ.

ಗ್ರೀನ್ ಕಾರ್ಡ್, ಅಂದರೆ ಕಾಯಂ ವಾಸದ ಅನುಮತಿ, ಬಂದ ಹೊಸತು. ಲೈಸೆನ್ಸ್ ಮಾಡಿಸಲು ಹೋಗಿದ್ದೆ. ಯಾವ ರಾಜ್ಯ ಅಂತ ಹೇಳುವುದಿಲ್ಲ. ಮಗು ಸೊಂಟದಲ್ಲಿ ಅಳುತ್ತಿತ್ತು. ಕೌಂಟರಿನಲ್ಲಿದ್ದವನು ಸ್ಕ್ರೀನ್ ನೋಡುತ್ತಾ ಪಟಪಟ ಪ್ರಶ್ನೆ ಕೇಳಿದ. ಅಂಗಾಂಗ ದಾನ? ಹೌದು. ವಿಳಾಸ ಇದೇನಾ? ಹೌದು. ವೋಟರ್ ನೋಂದಣಿ? ಅದೂ ವಿಳಾಸದ ಹಾಗೇ ಏನೋ ಅಂದುಕೊಂಡು ಹೌದು ಅಂದೆ. ಸಹಿ ಹಾಕು ಅಂದ, ಹಾಕಿದೆ. ನನ್ನ ಗ್ರೀನ್ ಕಾರ್ಡ್ ಅವನ ಕೈಯಲ್ಲೇ ಇತ್ತು!

ಮೂರು ವಾರಕ್ಕೆ ಮನೆಗೆ ವೋಟರ್ ಕಾರ್ಡ್ ಬಂತು. ಗಂಡ ನೋಡಿ ಬೆವರಿಬಿಟ್ಟರು. ವಕೀಲರ ಹತ್ತಿರ ಓಡಿದೆವು. ಹೆಸರು ತೆಗೆಸಿ, ಪತ್ರ ಪಡೆದು, ಆ ಪತ್ರವನ್ನು ಲ್ಯಾಮಿನೇಟ್ ಮಾಡಿಸಿ ಇಟ್ಟಿದ್ದೇನೆ. ಸಿಟಿಜನ್ ಅರ್ಜಿಯಲ್ಲಿ ನೇರ ಪ್ರಶ್ನೆ ಇದೆ: ಯಾವತ್ತಾದರೂ ವೋಟರ್ ಆಗಿ ನೋಂದಾಯಿಸಿದ್ದೀರಾ? ಇಂಟರ್‌ವ್ಯೂ ದಿನ ಆ ಪ್ರಶ್ನೆ ಬಂದಾಗ ನಾಲಿಗೆ ಒಣಗಿತ್ತು. ವೋಟು ಹಾಕಿದ್ದರೆ ಗಡೀಪಾರೂ ಆಗಬಹುದಿತ್ತು ಅಂತ ವಕೀಲರು ಹೇಳಿದರು.

ಯಾರು ಇಷ್ಟು ದೊಡ್ಡ ಅಪಾಯ ಬೇಕಂತಲೇ ತಲೆ ಮೇಲೆ ಎಳೆದುಕೊಳ್ಳುತ್ತಾರೆ? ಕಾಗದ ಇಲ್ಲದೆ ಬಂದವನು ಸರ್ಕಾರಿ ಕಚೇರಿ ಕಂಡರೆ ರಸ್ತೆ ಆಚೆ ಬದಿಗೆ ಹೋಗುತ್ತಾನೆ.

ತುಮಕೂರ್_ಟು_ಟ್ಯಾಂಪಾ

ಅಕ್ಕಾ, ನಿಮ್ಮ ಕಥೆ ನನ್ನ ಮಾತಿಗೇ ಸಾಕ್ಷಿ. ಆಗ ಪಾಸ್‌ಪೋರ್ಟ್ ತೋರಿಸು ಅಂದಿದ್ದರೆ ನಿಮಗೆ ಈ ಕಷ್ಟವೇ ಬರುತ್ತಿರಲಿಲ್ಲ.

ಮಲೆನಾಡ್_ಮಳೆ

ಅದು ಸರಿ. ಒಪ್ಪುತ್ತೇನೆ. ನನ್ನ ವಿಷಯದಲ್ಲಿ ಒಪ್ಪುತ್ತೇನೆ.

ಲೆಕ್ಕಪತ್ರ

ಸಂಖ್ಯೆ ನೋಡಿ. ಜಾರ್ಜಿಯಾದಲ್ಲಿ 2024ರಲ್ಲಿ ಟ್ರಂಪ್ ಅವರ ರಿಪಬ್ಲಿಕನ್ ಪಾರ್ಟಿಯ ಅಧಿಕಾರಿಯೇ ಇಡೀ ಪಟ್ಟಿ ಜರಡಿ ಹಿಡಿದರು. 82 ಲಕ್ಷ ಹೆಸರಲ್ಲಿ ಸಿಟಿಜನ್ ಅಲ್ಲದವರು 20. ಇನ್ನೊಂದು ಕಡೆ ಕ್ಯಾನ್ಸಸ್. ನೋಂದಣಿಗೆ ಪೌರತ್ವದ ದಾಖಲೆ ಕಡ್ಡಾಯ ಮಾಡಿದರು. ಸುಮಾರು 31,000 ಜನರ ಅರ್ಜಿ ನಿಂತುಹೋಯಿತು. 2018ರಲ್ಲಿ ಕೋರ್ಟ್ ಲೆಕ್ಕ ಹಾಕಿದಾಗ, 19 ವರ್ಷದಲ್ಲಿ ಪಟ್ಟಿಗೆ ಸೇರಿದ್ದ ಸಿಟಿಜನ್ ಅಲ್ಲದವರು ಹೆಚ್ಚೆಂದರೆ 39. ಬೆಟ್ಟ ಅಗೆದು ಇಲಿ ಹಿಡಿದರು. ಅಗೆಯುವಾಗ ಮೂವತ್ತೊಂದು ಸಾವಿರ ಜನ ಮಣ್ಣಿನಡಿ ಹೋದರು.

ತುಮಕೂರ್_ಟು_ಟ್ಯಾಂಪಾ

ದನ ನುಗ್ಗಿದ ಮೇಲೆ ಬೇಲಿ ಹಾಕುವುದಾ? 2000ದಲ್ಲಿ ನಮ್ಮ ಫ್ಲೋರಿಡಾದಲ್ಲಿ ಬುಷ್ ಗೆದ್ದದ್ದು 537 ವೋಟಿನಲ್ಲಿ. 20 ಅಂತ ನಗಬೇಡಿ.

ಬೆಣ್ಣೆದೋಸೆ_ಡಲ್ಲಾಸ್

ಐಡಿ ಪರ ಇರುವವನೇ ಹೇಳುತ್ತಿದ್ದೇನೆ, ಈ ಜರಡಿ ಹಿಡಿಯುವ ಕೆಲಸದಲ್ಲಿ ನಮ್ಮಂಥವರೇ ಮೊದಲು ಸಿಗುವುದು. 2019ರ ಜನವರಿಯಲ್ಲಿ ಟೆಕ್ಸಸ್‌ನಲ್ಲಿ ಸುಮಾರು 95,000 ಹೆಸರು ಅನುಮಾನದ ಪಟ್ಟಿಗೆ ಬಂತು. ಟ್ರಂಪ್ ಟ್ವೀಟ್ ಕೂಡ ಮಾಡಿದರು. ಪಟ್ಟಿ ಮಾಡಿದ್ದು ಹೇಗೆ? ಲೈಸೆನ್ಸ್ ಮಾಡಿಸುವಾಗ ಗ್ರೀನ್ ಕಾರ್ಡ್ ತೋರಿಸಿದವರು ಯಾರು ಅಂತ ನೋಡಿದರು. ಆಮೇಲೆ ಅವರು ಸಿಟಿಜನ್ ಆದರಾ ಅಂತ ನೋಡಲಿಲ್ಲ! ನಾನು ಲೈಸೆನ್ಸ್ ಮಾಡಿಸಿದ್ದು 2013ರಲ್ಲಿ, ಸಿಟಿಜನ್ ಆದದ್ದು 2016ರಲ್ಲಿ. ಆಗ ಲೈಸೆನ್ಸ್ ಇನ್ನೂ ಹಳೇದೇ. ನನ್ನ ಹೆಸರು ಆ ಪಟ್ಟಿಯಲ್ಲಿ ಇತ್ತೋ ಇಲ್ಲವೋ, ಒಂದು ತಿಂಗಳು ಅಂಚೆ ಡಬ್ಬ ತೆಗೆಯುವಾಗ ಎದೆ ಡವಡವ. ಸಾವಿರಾರು ಜನ ಸಿಟಿಜನ್‌ಗಳೇ ಅಂತ ಗೊತ್ತಾಗಿ ರಾಜ್ಯ ಆ ಕೆಲಸ ಕೈಬಿಟ್ಟಿತು. ಆ ಪಟ್ಟಿ ಮಾಡಿಸಿದ ಅಧಿಕಾರಿ ಹುದ್ದೆಯನ್ನೂ ಬಿಟ್ಟರು.

ಬೆಳಗಾವಿ_ಕುಂದಾ

ವಲಸೆ ಬಂದವರ ಮಾತು ಬಂತಲ್ಲ. ಡೆಟ್ರಾಯಿಟ್ ಕಡೆಯ ಸಂಸದ ಶ್ರೀ ಥಾಣೇದಾರ್ ಹುಟ್ಟಿದ್ದು ನಮ್ಮ ಚಿಕ್ಕೋಡಿಯಲ್ಲಿ, ಬೆಳೆದದ್ದು ಬೆಳಗಾವಿಯಲ್ಲಿ. ಓದಲು ಬಂದವರು 2023ರಿಂದ ಹೌಸ್‌ನಲ್ಲಿ ಕೂತಿದ್ದಾರೆ. ನಮ್ಮ ನೀರಿನ ಗುಣ!

ಚುರುಮುರಿ

ಮನೆಮಾತು ಮರಾಠಿ ಅಲ್ವಾ?

ಬೆಳಗಾವಿ_ಕುಂದಾ

ಆದರೇನಾಯ್ತು? ಬೆಳಗಾವಿ ಯಾರದು?

ನಿರ್ವಾಹಕ

ಗಡಿ ವಿಷಯ ಬೇಡ. ಅಮೆರಿಕದ ಗಡಿ ಮಾತ್ರ.

ಕ್ಯೂನಲ್ಲಿದ್ದೀನಿ

ಎಲ್ಲ ಓದಿದೆ. ನೀವೆಲ್ಲ ವೋಟು ಹಾಕುವ ಬಾಗಿಲಲ್ಲಿ ನಿಂತು ಜಗಳ ಆಡುತ್ತಿದ್ದೀರಿ. ನಾನು ಇನ್ನೂ ರಸ್ತೆಯಲ್ಲಿದ್ದೇನೆ.

2011ರಲ್ಲಿ ಬಂದೆ. ಗ್ರೀನ್ ಕಾರ್ಡ್ ಅರ್ಜಿಯ ತಾರೀಖು 2014. ಇಬಿ-2ರಲ್ಲಿ (ಉನ್ನತ ಪದವಿ ಇರುವವರ ವರ್ಗ) ಭಾರತದ ಕ್ಯೂ 2025ರ ನವೆಂಬರಿನಲ್ಲಿ ಇನ್ನೂ 2013ರ ಅರ್ಜಿಗಳಲ್ಲೇ ತೆವಳುತ್ತಿತ್ತು. ವರ್ಷಕ್ಕೆ ಉದ್ಯೋಗದ ಗ್ರೀನ್ ಕಾರ್ಡು 1,40,000, ಒಂದು ದೇಶಕ್ಕೆ ಶೇ. 7 ಮಿತಿ. ಐಸ್‌ಲ್ಯಾಂಡಿಗೂ ಅಷ್ಟೇ, ಇಂಡಿಯಾಕ್ಕೂ ಅಷ್ಟೇ. ಈ ಜನವರಿ 20ಕ್ಕೆ ಇಲ್ಲಿ ಹುಟ್ಟಿದ ಮಾತ್ರಕ್ಕೆ ಸಿಗುವ ಪೌರತ್ವವನ್ನು ತಡೆಯುವ ಆದೇಶಕ್ಕೆ ಟ್ರಂಪ್ ಸಹಿ ಹಾಕಿದಾಗ ನನ್ನ ಹೆಂಡತಿಗೆ ಏಳು ತಿಂಗಳು. ಅಕ್ರಮ ವಲಸಿಗರ ಮಕ್ಕಳಿಗೆ ಅಂತ ಎಲ್ಲರೂ ಅಂದುಕೊಂಡರು. ಓದಿ ನೋಡಿದರೆ ವೀಸಾದವರ ಮಕ್ಕಳೂ ಸೇರಿದ್ದಾರೆ. ಕೋರ್ಟುಗಳು ತಡೆದವು, ಸರಿ. ಆದರೆ ಮಗಳ ಬರ್ತ್ ಸರ್ಟಿಫಿಕೇಟ್ ಕೈಗೆ ಬರುವವರೆಗೆ ನಿದ್ದೆ ಇರಲಿಲ್ಲ. ಸೆಪ್ಟೆಂಬರ್ 19ಕ್ಕೆ ಎಚ್-1ಬಿ ಕೆಲಸದ ವೀಸಾಕ್ಕೆ ಒಂದು ಲಕ್ಷ ಡಾಲರ್ ಅಂದರು. ದಸರಾಕ್ಕೆ ಅಂತ ಮಾಡಿಸಿದ್ದ ಟಿಕೆಟ್ ಅವತ್ತು ರಾತ್ರಿಯೇ ಕ್ಯಾನ್ಸಲ್ ಮಾಡಿದೆ. ಮಾರನೇ ದಿನ, ಹೊಸ ಅರ್ಜಿಗಳಿಗೆ ಮಾತ್ರ ಅಂದರು. ಟಿಕೆಟ್ ದುಡ್ಡು ಹೋಯಿತು. ಅಮ್ಮ ಬೊಂಬೆ ಕೂರಿಸಿ ವಿಡಿಯೊದಲ್ಲೇ ತೋರಿಸಿದರು.

ಹದಿನಾಲ್ಕು ವರ್ಷ ಟ್ಯಾಕ್ಸ್ ಕಟ್ಟಿದ್ದೇನೆ. ಒಂದು ದಿನ ತಡ ಮಾಡಿಲ್ಲ. ಗಡಿ ಹಾರಿ ಬಂದವರಿಗೆ ನ್ಯೂಯಾರ್ಕಿನಲ್ಲಿ ಹೋಟೆಲ್ ರೂಮು ಕೊಟ್ಟರು. ನನಗೆ ಸಿಟ್ಟು ಬರಬಾರದಾ?

ಹಳೇಬೇರು

ಬರಬೇಕು. ಆದರೆ ಸಿಟ್ಟು ಯಾರ ಮೇಲೆ ಅಂತ ನೋಡು. ನಿನ್ನ ಕ್ಯೂ ಉದ್ದ ಮಾಡಿದವನು ಹೋಟೆಲ್‌ನಲ್ಲಿ ಮಲಗಿದವನಲ್ಲ. ಆ ಶೇ. 7 ಬದಲಿಸದ ಕಾಂಗ್ರೆಸ್, ಅಂದರೆ ಇಲ್ಲಿನ ಸಂಸತ್ತು. ಎರಡೂ ಪಾರ್ಟಿ.

1923ರಲ್ಲಿ ಭಗತ್ ಸಿಂಗ್ ಥಿಂಡ್ ಅನ್ನುವವರ ಪೌರತ್ವದ ಕೇಸು ಸುಪ್ರೀಂ ಕೋರ್ಟಿನ ಮುಂದೆ ಬಂತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿ ಇದ್ದವರು. ನೀನು ಬಿಳಿಯನಲ್ಲ, ಆಗಲ್ಲ ಅಂದಿತು ಕೋರ್ಟು. ಭಾರತದವರಿಗೆ ಆ ಬಾಗಿಲು ತೆರೆದದ್ದು 1946ರಲ್ಲಿ. ಅದೇ ಕಾಲಕ್ಕೆ ಇನ್ನೊಂದು ವಿಚಿತ್ರ ಗೊತ್ತಾ? ಸಿಟಿಜನ್ ಅಲ್ಲದ ಬಿಳಿ ವಲಸಿಗರು ಎಷ್ಟೋ ರಾಜ್ಯಗಳಲ್ಲಿ ವೋಟು ಹಾಕುತ್ತಿದ್ದರು, ಕಾನೂನು ಪ್ರಕಾರವೇ. ಕೊನೆಯದಾಗಿ ನಿಲ್ಲಿಸಿದ್ದು ಅರ್ಕಾನ್ಸಾ, 1926ರಲ್ಲಿ. ಈಗಲೂ ಮೇರಿಲ್ಯಾಂಡಿನ ಟಕೋಮಾ ಪಾರ್ಕ್‌ನಲ್ಲಿ ಊರಿನ ಚುನಾವಣೆಗೆ ಸಿಟಿಜನ್ ಅಲ್ಲದವರು ಹಾಕಬಹುದು.

ಕ್ಯೂನಲ್ಲಿದ್ದೀನಿ

ಟಕೋಮಾ ಪಾರ್ಕ್‌ನಲ್ಲಿ ಮನೆ ಬಾಡಿಗೆ ಎಷ್ಟು?

ತುಮಕೂರ್_ಟು_ಟ್ಯಾಂಪಾ

ಅಕ್ರಮವಾಗಿ ಬಂದವರು ಟ್ಯಾಕ್ಸ್ ಕಟ್ಟಲ್ಲ, ಅದಂತೂ ಸತ್ಯ.

ಲೆಕ್ಕಪತ್ರ

ಅದಂತೂ ಸುಳ್ಳು. ನನ್ನ ಹೊಟ್ಟೆಪಾಡೇ ಇದು, ಕೇಳಿ.

ಸೋಶಿಯಲ್ ಸೆಕ್ಯುರಿಟಿ ನಂಬರ್ ಇಲ್ಲದವರಿಗೆ ಟ್ಯಾಕ್ಸ್ ಇಲಾಖೆ ಬೇರೆ ನಂಬರ್ ಕೊಡುತ್ತದೆ, ಐಟಿನ್ ಅಂತ. ಪ್ರತಿ ಮಾರ್ಚ್‌ನಲ್ಲಿ ನನ್ನ ಹತ್ತಿರ ಬರುತ್ತಾರೆ, ಡ್ರೈವಾಲ್ ಹಾಕುವವರು, ಅಡುಗೆಯವರು. ರಸೀದಿಗಳನ್ನು ಶೂ ಡಬ್ಬದಲ್ಲಿ ಜೋಡಿಸಿಕೊಂಡು ಬರುತ್ತಾರೆ. ಎಚ್-1ಬಿ ಹುಡುಗರಿಗಿಂತ ನೀಟು, ಬೇಜಾರು ಮಾಡಿಕೊಳ್ಳಬೇಡಿ. ದಾಖಲೆ ಇಲ್ಲದವರು 2022ರಲ್ಲಿ ಒಟ್ಟು 96.7 ಬಿಲಿಯನ್ ಡಾಲರ್ ತೆರಿಗೆ ಕಟ್ಟಿದರು ಅಂತ ವಾಷಿಂಗ್ಟನ್ನಿನ ತೆರಿಗೆ ನೀತಿ ಸಂಸ್ಥೆಯೊಂದರ ಅಂದಾಜು. ಎಡಪಂಥೀಯ ಸಂಸ್ಥೆ ಅನ್ನುತ್ತೀರಿ, ಅನ್ನಿ. ಅದರಲ್ಲಿ ಸೋಶಿಯಲ್ ಸೆಕ್ಯುರಿಟಿಗೆ ಹೋದದ್ದೇ 25.7 ಬಿಲಿಯನ್. ಅವರಿಗೆ ಆ ಪಿಂಚಣಿ ಸಿಗುವುದಿಲ್ಲ.

ಈ ಏಪ್ರಿಲ್‌ನಿಂದ ಶೂ ಡಬ್ಬದವರು ಕಮ್ಮಿ ಆಗಿದ್ದಾರೆ. ಟ್ಯಾಕ್ಸ್ ಇಲಾಖೆ ವಿಳಾಸಗಳನ್ನು ವಲಸೆ ಪೊಲೀಸರಿಗೆ ಕೊಡುವ ಒಪ್ಪಂದ ಮಾಡಿಕೊಂಡಿತಲ್ಲ, ಅದು. ಮೊದಲು ಕಟ್ಟಲ್ಲ ಅಂತ ಬೈದರು. ಆಮೇಲೆ ಕಟ್ಟಲು ಬಂದವನ ವಿಳಾಸ ಬರೆದುಕೊಂಡರು.

ತುಮಕೂರಿನವರ ಮಾತಲ್ಲೂ ಒಂದು ಕಾಳು ಇದೆ. ಆದಾಯ ಜಾಸ್ತಿ ಹೋಗುವುದು ಕೇಂದ್ರಕ್ಕೆ. ಶಾಲೆ, ಆಸ್ಪತ್ರೆ, ವಸತಿ ಖರ್ಚು ಬೀಳುವುದು ರಾಜ್ಯಕ್ಕೆ, ಊರಿಗೆ. ನಿಮ್ಮ ಪ್ರಾಪರ್ಟಿ ಟ್ಯಾಕ್ಸ್ ಏರಿದಾಗ ನಿಮಗೆ ಕಾಣುವುದು ಅದೇ.

ಗೊಜ್ಜವಲಕ್ಕಿ

ಪ್ರಾಪರ್ಟಿ ಟ್ಯಾಕ್ಸ್ ಮಾತು ನ್ಯೂಜೆರ್ಸಿಯವನ ಮುಂದೆ ಎತ್ತಬೇಡಿ. ಹೊಟ್ಟೆ ಉರಿಯುತ್ತದೆ. ಈ ಜುಲೈ ತೆರಿಗೆ ಕಾನೂನಿನಲ್ಲಿ, ರಾಜ್ಯಕ್ಕೂ ಊರಿಗೂ ಕಟ್ಟಿದ ತೆರಿಗೆಯನ್ನು ಕೇಂದ್ರದ ಲೆಕ್ಕದಲ್ಲಿ ಕಳೆಯುವ ಮಿತಿ 10,000ದಿಂದ 40,000 ಡಾಲರಿಗೆ ಹೋಯಿತು ಅಂತ ಸ್ವಲ್ಪ ಉಸಿರು ಬಂದಿದೆ.

ಸೊಪ್ಪಿನ_ಸಾರು

ಅದೇ ಕಾನೂನಿನಲ್ಲಿ ಊರಿಗೆ ದುಡ್ಡು ಕಳಿಸಿದರೆ ಶೇ. 5 ಟ್ಯಾಕ್ಸ್ ಅಂತೆ? ಅಪ್ಪನ ಔಷಧಿಗೆ ಪ್ರತಿ ತಿಂಗಳು ಕಳಿಸುತ್ತೇನೆ.

ಲೆಕ್ಕಪತ್ರ

ವಾಟ್ಸಾಪ್ ಓದಬೇಡಿ. ಶುರುವಿನಲ್ಲಿ ಶೇ. 5 ಇತ್ತು, ಹೌಸ್‌ನಲ್ಲಿ 3.5 ಆಯಿತು, ಕೊನೆಗೆ 1. ಅದೂ ನಗದು, ಮನಿ ಆರ್ಡರ್, ಆ ಥರದ್ದಕ್ಕೆ ಮಾತ್ರ. 2026ರ ಜನವರಿಯಿಂದ. ಇಲ್ಲಿನ ಬ್ಯಾಂಕ್ ಖಾತೆಯಿಂದ ಕಳಿಸಿದರೆ ಏನೂ ಇಲ್ಲ. ಅಪ್ಪನಿಗೆ ನೆಮ್ಮದಿಯಾಗಿ ಕಳಿಸಿ.

ನೀವು ನಿಜವಾಗಿ ಬೈಯಬೇಕಾದ್ದು ಬೇರೆ ಇದೆ. ಸಂಬಳದಲ್ಲಿ ಶೇ. 6.2 ಸೋಶಿಯಲ್ ಸೆಕ್ಯುರಿಟಿಗೆ ಹಿಡಿಯುತ್ತಾರಲ್ಲ. ಪಿಂಚಣಿ ಬೇಕಾದರೆ ಹತ್ತು ವರ್ಷದ ಲೆಕ್ಕ, 40 ಕ್ವಾರ್ಟರ್ ತುಂಬಬೇಕು. ಎಂಟು ವರ್ಷ ದುಡಿದು ಊರಿಗೆ ಹೋದರೆ ಗೋವಿಂದ. ಎಷ್ಟೋ ದೇಶಗಳ ಜೊತೆ ಅಮೆರಿಕಕ್ಕೆ ಇದಕ್ಕೆ ಒಪ್ಪಂದ ಇದೆ, ಭಾರತದ ಜೊತೆ ಇಲ್ಲ. ನನ್ನ ತಮ್ಮ ಏಳೂವರೆ ವರ್ಷ ಕಟ್ಟಿ ಹುಬ್ಬಳ್ಳಿಗೆ ಹೋದ.

ಕ್ಯೂನಲ್ಲಿದ್ದೀನಿ

ನಾನು ಕಟ್ಟಿದ್ದು ಯಾರೋ ಫ್ಲೋರಿಡಾದ ತಾತ ಗಾಲ್ಫ್ ಆಡೋಕೆ ಅಂತಾಯ್ತು. ಅವನು ನನ್ನನ್ನು ವಾಪಸ್ ಕಳಿಸಿ ಅಂತ ವೋಟು ಹಾಕುತ್ತಾನೆ. ಐಡಿ ತೋರಿಸಿ.

ತುಮಕೂರ್_ಟು_ಟ್ಯಾಂಪಾ

ಹಹಹ. ಆ ತಾತ ನಮ್ಮ ಪಕ್ಕದ ಮನೆಯವನೇ. ಒಳ್ಳೆಯವನು ಕಣಯ್ಯಾ, ಚಂಡಮಾರುತ ಬಂದಾಗ ಜನರೇಟರ್ ಕೊಟ್ಟ.

ಸೊಪ್ಪಿನ_ಸಾರು

ನಾನು ಸುಮ್ನೆ ಓದಿ ಹೋಗುವವಳು. ಹೆಸರಿನ ಬಗ್ಗೆ ಮಾತ್ರ ಹೇಳಬೇಕು. ಸೇವ್ ಆಕ್ಟ್ ಬಂದರೆ ಮದುವೆಯಾಗಿ ಹೆಸರು ಬದಲಿಸಿದ ಅಮೆರಿಕನ್ ಹೆಂಗಸರಿಗೆ ಕಷ್ಟ, ಬರ್ತ್ ಸರ್ಟಿಫಿಕೇಟ್ ತಾಳೆ ಆಗಲ್ಲ ಅಂತ ಇಲ್ಲಿನವರು ಈಗ ಗಲಾಟೆ ಮಾಡುತ್ತಿದ್ದಾರೆ. ನಮಗೆ ಇದು ಹುಟ್ಟಿದಾಗಿನಿಂದ ಇದ್ದದ್ದೇ ಅಲ್ವಾ!

ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಎರಡು ಇನಿಶಿಯಲ್. ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಬರೆಯಿರಿ ಅಂದರು. ಹಾಗಾಗಿ ನಮ್ಮೂರಿನ ಹೆಸರು ನನ್ನ ಫ್ಯಾಮಿಲಿ ನೇಮ್ ಆಯಿತು. ಇಲ್ಲಿ ಎಲ್ಲರೂ ನನ್ನನ್ನು ಮಿಸ್ ಹೊಳಲ್ಕೆರೆ ಅನ್ನುತ್ತಾರೆ. ಅತ್ತೆಯದ್ದು ಇನ್ನೂ ಚೆಂದ. ಅವರಿಗೆ ಒಂದೇ ಹೆಸರು. ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಬಂತು, ಮೊದಲ ಹೆಸರು ಗೊತ್ತಿಲ್ಲ ಅಂತ ಅರ್ಥ. ಡಾಕ್ಟರ್ ಶಾಪಿನಲ್ಲಿ ನರ್ಸ್ ಬಂದು "ಫ್ನೂ? ಫ್ನೂ?" ಅಂತ ಕೂಗುತ್ತಿದ್ದಳು. ಅತ್ತೆ ಯಾರೋ ಚೀನಾದವರು ಅಂದುಕೊಂಡು ಹೆಣಿಗೆ ಹಾಕುತ್ತಾ ಕೂತಿದ್ದರು.

ಚುರುಮುರಿ

ಫ್ನೂ ಅತ್ತೆಗೆ ನಮಸ್ಕಾರ ತಿಳಿಸಿ. ಈ ಚರ್ಚೆಯಲ್ಲಿ ನನಗೆ ಅರ್ಥವಾದದ್ದು ಅವರೊಬ್ಬರೇ.

ಗೊಜ್ಜವಲಕ್ಕಿ

ಇದನ್ನು ಓದಿ ಎದ್ದು ಹೋಗಿ ಆ ಪ್ಲಾಸ್ಟಿಕ್ ಕವರ್ ತೆಗೆದೆ. ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿದೆ.

ಸಿಟಿಜನ್ ಸರ್ಟಿಫಿಕೇಟ್‌ನಲ್ಲಿ ನನ್ನ ಹೆಸರು, ಅಪ್ಪನ ಹೆಸರು, ಊರಿನ ಹೆಸರು, ಪೂರ್ತಿ. ಪಾಸ್‌ಪೋರ್ಟಿನಲ್ಲೂ ಹಾಗೇ, ಆದರೆ ಅಪ್ಪನ ಹೆಸರಿನ ಕೊನೆಗೆ ಒಂದು 'ಎ' ಕಡಿಮೆ. ಲೈಸೆನ್ಸ್‌ನಲ್ಲಿ ಊರಿನ ಹೆಸರು ಜಾಗ ಸಾಲದೆ ಅರ್ಧಕ್ಕೆ ಕತ್ತರಿಸಿಹೋಗಿದೆ. ಹದಿನೇಳು ವರ್ಷದಲ್ಲಿ ನಾನು ಇದನ್ನು ಗಮನಿಸಿಯೇ ಇರಲಿಲ್ಲ. ಐಡಿ ಯಾಕೆ ಕೇಳಲಿಲ್ಲ ಅಂತ ಈ ಚರ್ಚೆ ಶುರು ಮಾಡಿದವನು ನಾನು. ಆ ಅಜ್ಜಿ ಮೂರನ್ನೂ ತೆಗೆದುಕೊಂಡು ತಾಳೆ ನೋಡಿದ್ದರೆ?

ಐಡಿ ಬೇಕು ಅನ್ನುವುದನ್ನು ಬಿಟ್ಟಿಲ್ಲ. ಆದರೆ ತಾಳೆ ನೋಡುವವರು ಆ ಅಜ್ಜಿಯಂಥವರು ಆಗಿರಬೇಕು. ಲೆಕ್ಕಪತ್ರ ಅವರೇ, ಇದನ್ನು ಎಲ್ಲಿಂದ ಸರಿ ಮಾಡಿಸುವುದು?

ತುಮಕೂರ್_ಟು_ಟ್ಯಾಂಪಾ

ಆ ಅಜ್ಜಿ ಒಳ್ಳೆಯವರು, ಮುಂದಿನ ಸಲ ಬೇರೆಯವರು ಕೂತಿರುತ್ತಾರೆ. ಅದಕ್ಕೇ ಕಾನೂನು ಬೇಕು ಅನ್ನುವುದು.

ಹಳೇಬೇರು

ಅದಕ್ಕೇ ಬೇಡ ಅನ್ನುವುದು.

ಲೆಕ್ಕಪತ್ರ

ಗೊಜ್ಜವಲಕ್ಕಿ ಅವರೇ, ಪಾಸ್‌ಪೋರ್ಟ್ ಈ ವರ್ಷದ್ದೇ ತಾನೇ? ಅಚ್ಚಿನ ತಪ್ಪು ಅಂತ ವರ್ಷದೊಳಗೆ ವಾಪಸ್ ಕಳಿಸಿದರೆ ದುಡ್ಡಿಲ್ಲದೆ ಸರಿ ಮಾಡುತ್ತಾರೆ. ಆಮೇಲೆ ಸೋಶಿಯಲ್ ಸೆಕ್ಯುರಿಟಿಯಲ್ಲಿ ಹೆಸರು ನೋಡಿಸಿ. ಕೊನೆಗೆ ಲೈಸೆನ್ಸ್. ಕತ್ತರಿಸಿಹೋದ ಊರಿಗೆ ಏನೂ ಮಾಡಲಾಗುವುದಿಲ್ಲ, ಅವರ ಕಾರ್ಡೇ ಅಷ್ಟು ಅಗಲ. ಕರೆಂಟ್ ಬಿಲ್ ಮಾತ್ರ ಮನೆಯಲ್ಲೇ ಬಿಟ್ಟು ಹೋಗಿ.